ಕ್ರೈಂ ಸೀರಿಯಲ್‌ನ ಕಾನೂನು ಸರಿಯಾ ತಪ್ಪಾ? ವಾದ ಮಾಡುವವರಿಗೆ, ಫ್ಯಾನ್ ಫಿಕ್ಷನ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಎಪಿಸೋಡ್ ಮುಗಿದ ಅರ್ಧ ಗಂಟೆಯೊಳಗೆ ಜಗಳ ಶುರುವಾಗಿರುತ್ತದೆ. ಕೈಕೋಳ ಹಾಕುವಾಗ ಹಕ್ಕುಗಳನ್ನು ಓದಿ ಹೇಳಲೇ ಇಲ್ಲ, ಹಾಗಾದರೆ ಕೇಸ್ ಬಿದ್ದುಹೋಗಬೇಕಲ್ವಾ ಅಂತ ಒಬ್ಬರು. ಪ್ಲಾನ್ ಮಾಡಿ ಕೊಂದವನ ಮೇಲೆ ಫಸ್ಟ್ ಡಿಗ್ರಿ, ಅಂದರೆ ಅತಿ ಗಂಭೀರ ದರ್ಜೆಯ ಕೊಲೆ ಆರೋಪ, ಯಾಕೆ ಹಾಕಲಿಲ್ಲ ಅಂತ ಇನ್ನೊಬ್ಬರು. "ಕಥೆ ಕಣ್ರೀ, ಅಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಾ" ಅಂತ ಮೂರನೆಯವರು.

ಮೂರನೆಯವರ ಮಾತು ನನಗೆ ಒಪ್ಪಿಗೆಯಿಲ್ಲ. ಕ್ರೈಂ ಕಥೆಗೆ ಕಾನೂನು ಅಂದರೆ ಆಟಕ್ಕೆ ನಿಯಮ ಇದ್ದ ಹಾಗೆ. ಪೊಲೀಸ್ ಏನು ಬೇಕಾದರೂ ಮಾಡಬಹುದು, ವಕೀಲ ಏನು ಬೇಕಾದರೂ ಹೇಳಬಹುದು ಅಂತಾದರೆ ನೋಡುವವರಿಗೆ ಯಾವ ಭಯವೂ ಉಳಿಯಲ್ಲ. ಆದರೆ ನಮ್ಮ ವಾದಗಳಲ್ಲಿ ಅರ್ಧಕ್ಕರ್ಧ ದಾರಿ ತಪ್ಪುವುದಕ್ಕೆ ಒಂದೇ ಕಾರಣ ಇದೆ. ಯಾವ ಊರಿನ ಕಾನೂನು, ಯಾವ ವರ್ಷದ್ದು, ಕೇಸಿನ ಯಾವ ಹಂತದ್ದು ಅನ್ನುವುದನ್ನು ಕೇಳಿಕೊಳ್ಳದೆ "ಇದು ತಪ್ಪು" ಅಂದುಬಿಡುತ್ತೇವೆ.

ಉದಾಹರಣೆಗೆ ಜಾಸ್ತಿ ಕಡೆ 'ಲಾ ಆಂಡ್ ಆರ್ಡರ್' ಸರಣಿಯನ್ನೇ ಹಿಡಿದಿದ್ದೇನೆ. 1990ರಲ್ಲಿ ಶುರುವಾಗಿ 2010ರವರೆಗೆ ಓಡಿ, 2022ರಲ್ಲಿ ಮತ್ತೆ ಬಂದ ಸರಣಿ. ಅರ್ಧ ಪೊಲೀಸರ ಕಥೆ, ಅರ್ಧ ಪ್ರಾಸಿಕ್ಯೂಟರ್‌ಗಳ ಕಥೆ, ಎಲ್ಲವೂ ನ್ಯೂಯಾರ್ಕ್‌ನಲ್ಲಿ. ಕಾನೂನಿನ ಬಗ್ಗೆ ಇಷ್ಟು ವಾದ ಹುಟ್ಟಿಸೋ ಸರಣಿಗಳು ಕಮ್ಮಿ. ಆಮೇಲೆ ಅದೇ ಥರದ ಕಥೆಯನ್ನು ಬೆಂಗಳೂರಿಗೆ ತಂದು ಬರೆಯುವವರಿಗೆ ಏನೇನು ಬದಲಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ. ಆ ಭಾಗ ಸ್ವಲ್ಪ ಉದ್ದ ಇದೆ, ಯಾಕಂದರೆ ಎಡವಟ್ಟು ಜಾಸ್ತಿ ಆಗುವುದು ಅಲ್ಲೇ.

ಹೆಜ್ಜೆ 1: ಊರು, ತಾರೀಕು, ಹಂತ ಬರೆದಿಟ್ಟುಕೊಳ್ಳಿ

ಊರಿನಿಂದ ಶುರು ಮಾಡೋಣ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಕ್ರಿಮಿನಲ್ ಕಾನೂನು ಇದೆ, ಅದರ ಮೇಲೆ ಫೆಡರಲ್ ಕಾನೂನು ಬೇರೆ. ಮೊದಲೇ ಯೋಚಿಸಿ ಮಾಡಿದ ಕೊಲೆ ಅಂದರೆ ಫಸ್ಟ್ ಡಿಗ್ರಿ ಅಂತ ಬಹಳ ಜನ ನಂಬಿದ್ದಾರೆ. ಹಲವು ರಾಜ್ಯಗಳಲ್ಲಿ ಅದು ನಿಜ ಕೂಡ. ನ್ಯೂಯಾರ್ಕ್‌ನಲ್ಲಿ ಹಾಗಿಲ್ಲ. ಅಲ್ಲಿ ಬೇಕಂತಲೇ ಮಾಡಿದ ಮಾಮೂಲಿ ಕೊಲೆ ಸೆಕೆಂಡ್ ಡಿಗ್ರಿ. ಫಸ್ಟ್ ಡಿಗ್ರಿ ಆಗಬೇಕಾದರೆ ಅದರ ಮೇಲೆ ಇನ್ನೊಂದು ಅಂಶ ಸೇರಬೇಕು. ಸತ್ತವರು ಡ್ಯೂಟಿಯಲ್ಲಿದ್ದ ಪೊಲೀಸ್ ಆಗಿರಬೇಕು, ಅಥವಾ ಸುಪಾರಿ ಕೊಲೆ ಆಗಿರಬೇಕು, ಅಥವಾ ಸಾಕ್ಷಿ ಹೇಳದಂತೆ ಮಾಡಲು ಕೊಂದಿರಬೇಕು, ಹೀಗೆ ಒಂದು ಪಟ್ಟಿಯೇ ಇದೆ. ಹಾಗಾಗಿ ತಿಂಗಳುಗಟ್ಟಲೆ ಪ್ಲಾನ್ ಮಾಡಿ ಹೆಂಡತಿಗೆ ವಿಷ ಹಾಕಿದವನ ಮೇಲೆ ಸೀರಿಯಲ್‌ನವರು "ಮರ್ಡರ್ ಟೂ" ಅಂದಾಗ ಬರಹಗಾರರು ತಪ್ಪಿಲ್ಲ. ಶಿಕ್ಷೆಯೂ ಹಗುರ ಅಲ್ಲ: ಕನಿಷ್ಠ 15 ವರ್ಷದಿಂದ ಜೀವಾವಧಿ, ಗರಿಷ್ಠ ಅಂದರೆ 25 ವರ್ಷದಿಂದ ಜೀವಾವಧಿ.

ಇದೇ ಊರಿನದ್ದು ಇನ್ನೊಂದು. ಕೊಲೆ ಕೇಸು ನೇರ ಸುಪ್ರೀಂ ಕೋರ್ಟಿಗೆ ಹೋಯಿತಲ್ಲ ಅಂತ ಗಾಬರಿ ಬೀಳಬೇಡಿ. ನ್ಯೂಯಾರ್ಕ್‌ನಲ್ಲಿ ಗಂಭೀರ ಅಪರಾಧಗಳ ವಿಚಾರಣೆ ನಡೆಸುವ ಕೋರ್ಟಿನ ಹೆಸರೇ ಸುಪ್ರೀಂ ಕೋರ್ಟ್. ಆ ರಾಜ್ಯದ ಅತಿ ಮೇಲಿನ ಕೋರ್ಟು ಕೋರ್ಟ್ ಆಫ್ ಅಪೀಲ್ಸ್.

ತಾರೀಕು ಇನ್ನೂ ಮುಖ್ಯ. ನ್ಯೂಯಾರ್ಕ್ 1995ರಲ್ಲಿ ಮರಣದಂಡನೆಯನ್ನು ಮತ್ತೆ ತಂದಿತು. 2004ರಲ್ಲಿ ಅಲ್ಲಿನ ಕೋರ್ಟ್ ಆಫ್ ಅಪೀಲ್ಸ್, ಲಾವ್ಯಾಲ್ ಕೇಸಿನಲ್ಲಿ ಆ ಕಾಯ್ದೆಯ ಮುಖ್ಯ ಭಾಗ ಸಂವಿಧಾನಕ್ಕೆ ವಿರುದ್ಧ ಅಂದಿತು. ಅಂದರೆ ನಿಮ್ಮ ಕಥೆ 1997ರಲ್ಲಿ ನಡೆದರೆ ಪ್ರಾಸಿಕ್ಯೂಟರ್ ಮರಣದಂಡನೆ ಕೇಳುತ್ತೇನೆ ಅಂತ ಹೆದರಿಸಿ ತಪ್ಪೊಪ್ಪಿಗೆ ತೆಗೆಯಬಹುದು. ಅದೇ ದೃಶ್ಯವನ್ನು 1993ಕ್ಕೋ 2012ಕ್ಕೋ ಇಟ್ಟರೆ ಕಥೆಯ ಕೀಲೇ ಕಳಚಿಹೋಗುತ್ತದೆ. ಡಿಫೆನ್ಸ್‌ಗೆ ಪೊಲೀಸ್ ದಾಖಲೆ ಯಾವಾಗ ಕೈಗೆ ಸಿಗಬೇಕು ಅನ್ನುವ ನಿಯಮವೂ ಅಲ್ಲಿ 2020ರ ಜನವರಿಯಿಂದ ಪೂರ್ತಿ ಬದಲಾಗಿದೆ. ವಿಚಾರಣೆಯ ಹೊಸ್ತಿಲಲ್ಲಿ ದಿಢೀರ್ ಅಂತ ಹೊಸ ಸಾಕ್ಷಿಯ ಹೇಳಿಕೆ ಎದುರಾಗುವ ದೃಶ್ಯ ಹಳೆಯ ಸೀಸನ್‌ಗಳಿಗೆ ಒಪ್ಪುತ್ತದೆ, ಈಗಿನ ಕಥೆಯಲ್ಲಿ ಅದಕ್ಕೆ ಗಟ್ಟಿ ಕಾರಣ ಕೊಡಬೇಕು.

ಇನ್ನು ಹಂತ. "ಇಷ್ಟು ಚೂರು ಸಾಕ್ಷ್ಯಕ್ಕೆ ಅರೆಸ್ಟ್ ಮಾಡೋದಾ?" ಅನ್ನುವ ಆಕ್ಷೇಪಣೆ ಪದೇ ಪದೇ ಬರುತ್ತದೆ. ಅರೆಸ್ಟ್ ಮಾಡೋಕೆ ಸಕಾರಣವಾದ ಅನುಮಾನ ಸಾಕು. ಶಿಕ್ಷೆ ಕೊಡೋಕೆ ಸಂಶಯಕ್ಕೆ ಎಡೆಯಿಲ್ಲದ ಸಾಬೀತು ಬೇಕು. ಇವೆರಡರ ನಡುವೆ ಇರುವ ದೂರದಲ್ಲೇ ಒಳ್ಳೆಯ ಕ್ರೈಂ ಕಥೆ ನಡೆಯುವುದು.

ಹೆಜ್ಜೆ 2: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಈ ಎಪಿಸೋಡ್‌ನ ಕಾನೂನು ಸರಿಯಾ?" ಅಂತ ಕೇಳಿದರೆ ಉತ್ತರ ಸಿಗಲ್ಲ. ಒಂದು ದೃಶ್ಯ, ಒಂದು ಕ್ರಿಯೆ, ಒಂದು ಪರಿಣಾಮ. ಇಷ್ಟಕ್ಕೆ ಇಳಿಸಿ.

ಎಲ್ಲರಿಗೂ ಗೊತ್ತಿರುವ ಮಿರಾಂಡಾ ಎಚ್ಚರಿಕೆಯನ್ನೇ ನೋಡಿ. ಸುಮ್ಮನಿರುವ ಹಕ್ಕು, ವಕೀಲರನ್ನು ಕೇಳುವ ಹಕ್ಕು ನಿನಗಿದೆ ಅಂತ ಪೊಲೀಸರು ಓದಿ ಹೇಳುವುದು ಇದೇ. ಅಮೆರಿಕದ ಸುಪ್ರೀಂ ಕೋರ್ಟಿನ 1966ರ ಮಿರಾಂಡಾ ತೀರ್ಪಿನಿಂದ ಬಂದದ್ದು. ಅದು ಬೇಕಾಗುವುದು ಎರಡು ಒಟ್ಟಿಗೆ ಇದ್ದಾಗ: ವ್ಯಕ್ತಿ ಕಸ್ಟಡಿಯಲ್ಲಿರಬೇಕು, ಪೊಲೀಸರು ಅವನನ್ನು ಪ್ರಶ್ನಿಸುತ್ತಿರಬೇಕು. ರಸ್ತೆಯಲ್ಲಿ ಕೈಕೋಳ ಹಾಕಿ ಏನೂ ಕೇಳದೆ ಗಾಡಿ ಹತ್ತಿಸಿದರೆ ಆ ಕ್ಷಣಕ್ಕೆ ಓದಿ ಹೇಳದಿದ್ದರೂ ನಡೆಯುತ್ತದೆ. ತಾನಾಗೇ ಠಾಣೆಗೆ ಬಂದು, ಎದ್ದು ಹೋಗುವ ಸ್ವಾತಂತ್ರ್ಯ ಇರುವವನ ಹತ್ತಿರ ಮಾತಾಡಿದರೂ ಅಷ್ಟೇ.

ಓದಿ ಹೇಳಬೇಕಿತ್ತು, ಹೇಳಲಿಲ್ಲ ಅಂತಿಟ್ಟುಕೊಳ್ಳಿ. ಆಗಲೂ ಕೇಸ್ ವಜಾ ಆಗಲ್ಲ. ಆರೋಪಿ ಹೇಳಿದ ಮಾತನ್ನು ಪ್ರಾಸಿಕ್ಯೂಷನ್ ತನ್ನ ಸಾಕ್ಷ್ಯವಾಗಿ ಬಳಸೋಕೆ ಆಗಲ್ಲ, ಅಷ್ಟೇ. ಉಳಿದ ಸಾಕ್ಷ್ಯದ ಮೇಲೆ ಕೇಸ್ ನಡೆಯುತ್ತದೆ. 1971ರ ಹ್ಯಾರಿಸ್ ವಿರುದ್ಧ ನ್ಯೂಯಾರ್ಕ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆರೋಪಿ ಕಟಕಟೆ ಹತ್ತಿ ಬೇರೆ ಕಥೆ ಹೇಳಿದರೆ, ಅವನ ಮಾತು ನಂಬಿಕೆಗೆ ಅರ್ಹ ಅಲ್ಲ ಅಂತ ತೋರಿಸೋಕೆ ಅದೇ ಹೇಳಿಕೆಯನ್ನು ಹೊರಗೆ ತೆಗೆಯಬಹುದು. ಫ್ಯಾನ್‌ಫಿಕ್ (ಇಷ್ಟವಾದ ಸರಣಿಯ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆ) ಬರೆಯುವವರೇ, ಇದನ್ನು ಗಮನಿಸಿ. ಡಿಫೆನ್ಸ್ ವಕೀಲೆ ಹೇಳಿಕೆಯನ್ನು ಹೊರಗಿಡಿಸಿ ಗೆದ್ದೆ ಅಂದುಕೊಂಡಿದ್ದಾಳೆ, ಆದರೆ ಕಕ್ಷಿದಾರ ಹಟ ಮಾಡಿ ತಾನೇ ಸಾಕ್ಷಿ ಹೇಳ್ತೀನಿ ಅಂತಾನೆ. ಅವನನ್ನು ತಡೆಯೋಕೆ ಅವಳಿಗೆ ಒಂದು ರಾತ್ರಿ ಇದೆ. ಕಾನೂನು ಸರಿ ಇಟ್ಟುಕೊಂಡಿದ್ದಕ್ಕೇ ಹುಟ್ಟಿದ ದೃಶ್ಯ ಇದು.

ನ್ಯೂಯಾರ್ಕ್‌ನಲ್ಲಿ ಇನ್ನೊಂದು ನಿಯಮ ಇದೆ, ಅಭಿಮಾನಿಗಳ ವಾದದಲ್ಲಿ ಅದರ ಹೆಸರೇ ಬರಲ್ಲ. 1976ರ ಹಾಬ್ಸನ್ ತೀರ್ಪಿನ ಪ್ರಕಾರ ಒಮ್ಮೆ ವಕೀಲರು ಆ ಕೇಸಿಗೆ ಬಂದರೆ, ಕಸ್ಟಡಿಯಲ್ಲಿರುವ ಆರೋಪಿ "ಪರವಾಗಿಲ್ಲ, ವಕೀಲರು ಬೇಡ, ಮಾತಾಡ್ತೀನಿ" ಅಂದರೂ ಅದು ನಡೆಯಲ್ಲ. ವಕೀಲರ ಎದುರಲ್ಲೇ ಹಾಗೆ ಹೇಳಬೇಕು. ಡಿಟೆಕ್ಟಿವ್ ಪುಸಲಾಯಿಸಿ ವಕೀಲರನ್ನು ಬೇಡ ಅನ್ನಿಸುವ ದೃಶ್ಯ ಎಷ್ಟು ಸೀರಿಯಲ್‌ಗಳಲ್ಲಿ ಇಲ್ಲ ಹೇಳಿ. ಆ ಊರಲ್ಲಿ ಅದು ಬಹಳ ಸಲ ಕೆಲಸಕ್ಕೆ ಬಾರದ ತಪ್ಪೊಪ್ಪಿಗೆ. ಮತ್ತೆ, ವಕೀಲರು ಬಂದರು ಅನ್ನೋಕೆ ಏನಾಗಬೇಕು? 2003ರ ಗ್ರೈಸ್ ಕೇಸಿನಲ್ಲಿ ಆರೋಪಿಯ ಅಪ್ಪ ಪೊಲೀಸರಿಗೆ ವಕೀಲರು ಬರ್ತಾ ಇದ್ದಾರೆ ಅಂತ ಹೇಳಿದ್ದರು. ಅದು ಸಾಲದು, ವಕೀಲರೋ ಅವರ ಕಚೇರಿಯವರೋ ನೇರವಾಗಿ ಪೊಲೀಸರನ್ನು ಸಂಪರ್ಕಿಸಬೇಕು ಅಂತ ಕೋರ್ಟ್ ಹೇಳಿತು.

ಈಗ ದೃಶ್ಯ ಕಟ್ಟಿ. ಒಳಗೆ ಡಿಟೆಕ್ಟಿವ್ ಮಾತಾಡಿಸ್ತಾ ಇದ್ದಾನೆ, ಹುಡುಗ ಇನ್ನೇನು ಬಾಯಿ ಬಿಡಬೇಕು. ಹೊರಗೆ ಮುಂದಿನ ಡೆಸ್ಕ್‌ನಲ್ಲಿ ಫೋನ್ ರಿಂಗ್ ಆಗುತ್ತದೆ. ಸಾರ್ಜೆಂಟ್ ವಕೀಲರ ಹೆಸರು ಕೇಳಿ, ಸ್ಪೆಲಿಂಗ್ ಕೇಳಿ, ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ, ಆಮೇಲೆ ಗೋಡೆ ಗಡಿಯಾರ ನೋಡಿ ಟೈಮ್ ಹಾಕುತ್ತಾರೆ. ಹುಡುಗ ಬಾಯಿ ಬಿಟ್ಟಿದ್ದು ಆ ಟೈಮಿಗೆ ಮುಂಚೆಯೋ ಆಮೇಲೋ ಅನ್ನುವುದರ ಮೇಲೆ ಇಡೀ ಕಥೆ ನಿಲ್ಲುತ್ತದೆ.

ಹೆಜ್ಜೆ 3: ಮೂಲ ಓದಿ, ಪೂರ್ತಿ ಓದಿ

ಬೇರೆ ಅಭಿಮಾನಿ ಹೇಳಿದ್ದು, ಇನ್ನೊಂದು ಸೀರಿಯಲ್‌ನಲ್ಲಿ ನೋಡಿದ್ದು, ಇವೆರಡೂ ಆಧಾರ ಅಲ್ಲ. ಭಾರತದ ಕಾಯ್ದೆಗಳೆಲ್ಲ ಇಂಡಿಯಾ ಕೋಡ್‌ನಲ್ಲಿ ಉಚಿತವಾಗಿ ಸಿಗುತ್ತವೆ. ತೀರ್ಪುಗಳಿಗೆ ಇಂಡಿಯನ್ ಕಾನೂನ್ ಇದೆ. ನ್ಯೂಯಾರ್ಕ್‌ನ ಪೀನಲ್ ಲಾ ಮತ್ತು ಕ್ರಿಮಿನಲ್ ಪ್ರೊಸೀಜರ್ ಲಾ ಅಲ್ಲಿನ ಸೆನೆಟ್‌ನ ವೆಬ್‌ಸೈಟಿನಲ್ಲೇ ಇವೆ. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಲೀಗಲ್ ಇನ್‌ಫಾರ್ಮೇಷನ್ ಇನ್‌ಸ್ಟಿಟ್ಯೂಟ್ ಸಾಕಷ್ಟು ಒಳ್ಳೆಯದು.

ಸೆಕ್ಷನ್ ಓದುವಾಗ ಮೊದಲ ವಾಕ್ಯಕ್ಕೇ ನಿಲ್ಲಿಸಬೇಡಿ. "ಆದರೆ" ಅಂತ ಶುರುವಾಗುವ ಪರಂತುಕ ಕೆಳಗಿರುತ್ತದೆ, ವಿವರಣೆ ಇರುತ್ತದೆ, ಪದಗಳ ಅರ್ಥ ಕಾಯ್ದೆಯ ಮೊದಲ ಕೆಲವು ಸೆಕ್ಷನ್‌ಗಳಲ್ಲಿ ಇರುತ್ತದೆ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸೋ ಹಾಗೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸೆಕ್ಷನ್ ಪೂರ್ತಿ ಓದಿದರೆ ವಿಶೇಷ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು, ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದು ಬಂಧಿಸಬಹುದು ಅಂತ ಇದೆ. ಆ ಅನುಮತಿ ತರೋಕೆ ರಾತ್ರಿ ಮ್ಯಾಜಿಸ್ಟ್ರೇಟರ ಮನೆ ಬಾಗಿಲು ತಟ್ಟುವ ಪಿಎಸ್ಐ ಯಾವ ಚೇಸಿಂಗ್ ದೃಶ್ಯಕ್ಕೂ ಕಡಿಮೆಯಿಲ್ಲ.

ಹೆಜ್ಜೆ 4: ತಪ್ಪು ಎಂಥದ್ದು ಅಂತ ತೂಗಿ ನೋಡಿ

ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಡಿಎನ್‌ಎ ವರದಿ ಮರುದಿನ ಬೆಳಿಗ್ಗೆಯೇ ಬಂದರೆ ಅದು ಸಮಯ ಕುಗ್ಗಿಸಿದ್ದು. 40 ನಿಮಿಷದಲ್ಲಿ ಕಥೆ ಮುಗಿಸಬೇಕಾದವರಿಗೆ ಅಷ್ಟು ರಿಯಾಯಿತಿ ಕೊಡೋಣ. ಪಾತ್ರವೇ ತಪ್ಪು ಹೇಳಿದರೆ ಅದು ಬರಹಗಾರರ ತಪ್ಪಲ್ಲ. ಡಿಟೆಕ್ಟಿವ್ ಆರೋಪಿಗೆ "ನಿನ್ನ ಬೆರಳಚ್ಚು ಸಿಕ್ಕಿದೆ" ಅಂತ ಸುಳ್ಳು ಹೇಳುವುದು ಅಮೆರಿಕದಲ್ಲಿ ಎಷ್ಟೋ ಸಲ ಕಾನೂನಿಗೆ ಒಳಪಟ್ಟ ತಂತ್ರವೇ. ನಮಗೆ ಇಷ್ಟವಾಗದೇ ಇರಬಹುದು, ಅದು ಬೇರೆ ಮಾತು.

ನಿಜವಾಗಿ ಜಗಳ ಆಡಬೇಕಾದ್ದು ಕಥೆಯ ತಿರುವೇ ತಪ್ಪಿನ ಮೇಲೆ ನಿಂತಾಗ. ಆರೋಪಿ ಬಿಡುಗಡೆಯಾಗಿದ್ದು, ಅಮಾಯಕ ಜೈಲಿಗೆ ಹೋಗಿದ್ದು, ಕೊನೆಯ ಗೆಲುವು, ಇವು ಇಲ್ಲದ ನಿಯಮದಿಂದ ಬಂದಿದ್ದರೆ ಅದನ್ನು ಎತ್ತಿ ಹೇಳಲೇಬೇಕು. ಇನ್ನೊಂದು ಥರದ ತಪ್ಪನ್ನು ನಾನು ಇನ್ನೂ ಗಂಭೀರವಾಗಿ ನೋಡುತ್ತೇನೆ. ಠಾಣೆಯಲ್ಲಿ ಹೊಡೆದು ಬಾಯಿ ಬಿಡಿಸುವುದನ್ನು ಸರಿಯಾದ ತನಿಖೆ ಅನ್ನುವ ಹಾಗೆ ತೋರಿಸುವುದು. ಪ್ರೇಕ್ಷಕರು ಹಕ್ಕು ಅನ್ನುವುದೇ ಕಳ್ಳರಿಗೆ ಕೊಟ್ಟ ಸವಲತ್ತು ಅಂತ ನಂಬಿಕೊಂಡು ಹೋಗುತ್ತಾರೆ. ಇದರ ಬಗ್ಗೆ ಸುಮ್ನೆ ಇರಬೇಡಿ.

ಹೆಜ್ಜೆ 5: ವಾದ ಬರೆಯುವ ಕ್ರಮ

ದೃಶ್ಯ ಯಾವುದು ಅಂತ ಮೊದಲು ಹೇಳಿ. ಊರು, ವರ್ಷ ಹೇಳಿ. ನಿಯಮ ಹೇಳಿ, ಆಧಾರ ಕೊಡಿ. ಕೊನೆಗೆ ಕಥೆಯ ಮೇಲೆ ಅದರ ಪರಿಣಾಮ ಏನು ಅಂತ ಒಂದು ಸಾಲು. ಹೀಗೆ:

"ಮೂರನೇ ದೃಶ್ಯದಲ್ಲಿ ವಕೀಲೆ ಠಾಣೆಗೆ ಫೋನ್ ಮಾಡಿದ ಮೇಲೂ ಡಿಟೆಕ್ಟಿವ್ ಪ್ರಶ್ನೆ ಮುಂದುವರಿಸಿದ. ಕಥೆ ನ್ಯೂಯಾರ್ಕ್, 2008. ಹಾಬ್ಸನ್ ತೀರ್ಪಿನ ಪ್ರಕಾರ ಆಮೇಲಿನ ಮಾತು ಸಾಕ್ಷ್ಯವಾಗಿ ನಿಲ್ಲಲ್ಲ. ಹಾಗಾಗಿ ಜ್ಯೂರಿ ಎದುರು ಅದೇ ಟೇಪ್ ಹಾಕಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಫೋನ್ ಬರುವ ಮುಂಚೆ ಹೇಳಿದ ಭಾಗವಷ್ಟೇ ಹಾಕಿದ್ದರೆ ಸಾಕಿತ್ತು."

ಇಷ್ಟು ಬರೆದರೆ ಒಪ್ಪದವರೂ ಉತ್ತರ ಕೊಡಬೇಕಾದರೆ ಆಧಾರ ಹುಡುಕಿಕೊಂಡು ಬರುತ್ತಾರೆ. ಬೇರೆಯವರ ಫ್ಯಾನ್‌ಫಿಕ್ ಮೇಲೆ ಬರೆಯುವಾಗ ಇನ್ನೂ ಮೃದುವಾಗಿರಿ. ಅವರು ಪ್ರೀತಿಗೆ ಬರೆಯುತ್ತಿರುವವರು, ಸಂಬಳಕ್ಕಲ್ಲ. ತಿದ್ದುಪಡಿ ಬೇಕಾ ಅಂತ ಕೇಳಿ ಆಮೇಲೆ ಹೇಳಿ, ತಪ್ಪು ತೋರಿಸುವುದರ ಜೊತೆಗೆ ಕಥೆ ಹಾಳಾಗದ ಒಂದು ದಾರಿಯನ್ನೂ ಕೊಡಿ.

ಹೆಜ್ಜೆ 6: ನ್ಯೂಯಾರ್ಕ್ ಕಥೆಗೆ ದಿನಗಳ ಲೆಕ್ಕ ಹಾಕಿ

ಫ್ಯಾನ್‌ಫಿಕ್ ಬರೆಯುವ ಮುಂಚೆ ಒಂದು ಹಾಳೆ ಮೇಲೆ ದಿನಗಳನ್ನು ಬರೆದುಕೊಳ್ಳಿ. ಬಂಧನದ ನಂತರ ಸುಮಾರು 24 ಗಂಟೆಯೊಳಗೆ ಆರೋಪಿಯನ್ನು ಜಡ್ಜ್ ಎದುರು ತರಬೇಕು. ಕೊಲೆಯಂಥ ಫೆಲನಿ (ಗಂಭೀರ ಅಪರಾಧದ) ಕೇಸಿನಲ್ಲಿ ಆರೋಪಿ ಒಳಗಿದ್ದರೆ 120 ಗಂಟೆ, ನಡುವೆ ವಾರಾಂತ್ಯವೋ ರಜೆಯೋ ಬಂದರೆ 144 ಗಂಟೆ. ಅಷ್ಟರಲ್ಲಿ ಗ್ರ್ಯಾಂಡ್ ಜ್ಯೂರಿ (ಕೇಸ್ ವಿಚಾರಣೆಗೆ ಹೋಗಬೇಕಾ ಅಂತ ತೀರ್ಮಾನಿಸುವ ನಾಗರಿಕರ ಗುಂಪು) ಆರೋಪ ಹೊರಿಸಬೇಕು ಅಥವಾ ಪ್ರಾಥಮಿಕ ವಿಚಾರಣೆ ಆಗಬೇಕು, ಇಲ್ಲವಾದರೆ ಸಾಮಾನ್ಯವಾಗಿ ಅವನನ್ನು ಬಿಡಬೇಕಾಗುತ್ತದೆ. ಗ್ರ್ಯಾಂಡ್ ಜ್ಯೂರಿಯಲ್ಲಿ 16ರಿಂದ 23 ಜನ, ಆರೋಪ ಹೊರಿಸೋಕೆ 12 ಜನ ಒಪ್ಪಬೇಕು. ಬಾಗಿಲು ಮುಚ್ಚಿದ ಕೋಣೆ, ಒಳಗೆ ಜಡ್ಜ್ ಇಲ್ಲ. ಆರೋಪಿ ತಾನೇ ಬಂದು ಹೇಳಿಕೆ ಕೊಡಬಹುದು, ವಕೀಲರು ಪಕ್ಕದಲ್ಲಿ ಇರಬಹುದು ಆದರೆ ಅಲ್ಲಿ ವಾದ ಮಾಡುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ಕೂತ ವಕೀಲರ ಕಣ್ಣಿಂದ ಈ ದೃಶ್ಯ ಬರೆದು ನೋಡಿ.

ಆಮೇಲೆ ವಿಚಾರಣೆಗೆ ಮುಂಚಿನ ಹಿಯರಿಂಗ್‌ಗಳು. ಹೇಳಿಕೆಯ ಬಗ್ಗೆ ತಕರಾರಿದ್ದರೆ ಹಂಟ್ಲಿ, ಜಪ್ತಿ ಮಾಡಿದ ವಸ್ತುವಿನ ಬಗ್ಗೆ ಮ್ಯಾಪ್, ಗುರುತು ಹಿಡಿದದ್ದರ ಬಗ್ಗೆ ವೇಡ್. ಅಲ್ಲಿ ಈ ಹೆಸರುಗಳನ್ನೇ ದಿನಾ ಬಳಸುತ್ತಾರೆ. ಪಾತ್ರದ ಬಾಯಲ್ಲಿ "ನಾಳೆ ಹಂಟ್ಲಿ ಇದೆ" ಅನ್ನಿಸಿದರೆ ಸಾಕು, ವಿವರಿಸೋಕೆ ಹೋಗಬೇಡಿ. ವಿಚಾರಣೆಯಲ್ಲಿ 12 ಜನರ ಜ್ಯೂರಿ, ಎಲ್ಲರೂ ಒಂದೇ ತೀರ್ಪಿಗೆ ಬರಬೇಕು.

ಹೆಜ್ಜೆ 7: ಕಥೆಯನ್ನು ಬೆಂಗಳೂರಿಗೆ ತಂದರೆ

ಇಷ್ಟವಾದ ಪಾತ್ರಗಳನ್ನು ಬೆಂಗಳೂರಿಗೆ ತಂದು ಎಯು (ಆಲ್ಟರ್ನೇಟ್ ಯೂನಿವರ್ಸ್, ಅಂದರೆ ಅದೇ ಪಾತ್ರ, ಬೇರೆ ಲೋಕ) ಬರೆಯುವವರು ಹೆಸರು, ಊಟ, ಟ್ರಾಫಿಕ್ ಎಲ್ಲ ಬದಲಾಯಿಸುತ್ತಾರೆ, ಕಾನೂನನ್ನು ಮಾತ್ರ ನ್ಯೂಯಾರ್ಕ್‌ನಲ್ಲೇ ಬಿಟ್ಟಿರುತ್ತಾರೆ.

ಮೊದಲು ತೆಗೆದುಹಾಕಬೇಕಾದ್ದು ಜ್ಯೂರಿ. ನಮ್ಮ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಅದಕ್ಕೆ ಜಾಗ ಇರಲಿಲ್ಲ. ಮುಂದೆ ಕೊಲೆ ಕೇಸಿನ ಪ್ಲೀ ಡೀಲ್, ಅಂದರೆ ತಪ್ಪೊಪ್ಪಿಕೊಂಡರೆ ಆರೋಪವನ್ನೋ ಶಿಕ್ಷೆಯನ್ನೋ ಕಡಿಮೆ ಮಾಡುವ ಒಪ್ಪಂದ. ನಮ್ಮಲ್ಲಿ ಪ್ಲೀ ಬಾರ್ಗೇನಿಂಗ್ 2006ರಿಂದ ಇದೆ, ಆದರೆ ಗರಿಷ್ಠ 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. "ಕೊಲೆ ಬಿಟ್ಟು ಮ್ಯಾನ್ ಟೂಗೆ (ಕೊಲೆಗಿಂತ ಹಗುರವಾದ ನರಹತ್ಯೆ ಆರೋಪಕ್ಕೆ) ಒಪ್ಪಿಕೋ" ಅನ್ನುವ ಮಾತು ಇಲ್ಲಿ ಯಾವ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್, ಸರ್ಕಾರದ ಪರ ವಕೀಲರು) ಬಾಯಲ್ಲೂ ಬರಲ್ಲ. ಅದರ ಬದಲು ನಮ್ಮಲ್ಲಿ ಮಾಫಿ ಸಾಕ್ಷಿ ಇದ್ದಾನೆ. ಕೃತ್ಯದಲ್ಲಿ ತಾನೂ ಇದ್ದವನು, ಕೋರ್ಟಿನಿಂದ ಕ್ಷಮೆ ಪಡೆದು ಗೆಳೆಯರ ವಿರುದ್ಧ ಎಲ್ಲವನ್ನೂ ಹೇಳಬೇಕು, ಮುಚ್ಚಿಟ್ಟರೆ ಅವನ ಮೇಲೇ ಕೇಸ್ ವಾಪಸ್ ಬರುತ್ತದೆ. ನನ್ನ ಕೇಳಿದರೆ ಕಥೆಗೆ ಇದು ಡೀಲ್‌ಗಿಂತ ಗಟ್ಟಿ.

ಅಕ್ರಮವಾಗಿ ಹುಡುಕಿ ತೆಗೆದ ಸಾಕ್ಷ್ಯ ಕೋರ್ಟಿನಿಂದ ಹೊರಗೆ ಹೋಗುತ್ತದೆ ಅನ್ನುವುದು 1961ರ ಮ್ಯಾಪ್ ತೀರ್ಪಿನಿಂದ ಅಮೆರಿಕದ ರಾಜ್ಯಗಳ ಕೋರ್ಟುಗಳಿಗೆಲ್ಲ ಬಂದ ನಿಯಮ. ನಮ್ಮ ಸುಪ್ರೀಂ ಕೋರ್ಟ್ 1973ರ ಪೂರಣ್ ಮಲ್ ಕೇಸಿನಲ್ಲಿ ಬೇರೆ ದಾರಿ ಹಿಡಿದಿದೆ. ಹುಡುಕಾಟದಲ್ಲಿ ಲೋಪ ಇದ್ದರೂ ಸಾಕ್ಷ್ಯ ಕೇಸಿಗೆ ಸಂಬಂಧಪಟ್ಟಿದ್ದರೆ ಅದನ್ನು ಅಷ್ಟಕ್ಕೇ ತಳ್ಳಿಹಾಕಲ್ಲ. ವಾರಂಟ್ ಇಲ್ಲದೆ ಬೀರು ತೆಗೆದರು ಅಂತ ಬೆಂಗಳೂರಿನ ಕೊಲೆ ಆರೋಪಿಯನ್ನು ಬಿಡಿಸಬೇಡಿ.

ಹಾಗಂತ ಪೊಲೀಸರ ಕೈ ಪೂರ್ತಿ ಬಿಚ್ಚಿದ್ದಾರಾ? ಇಲ್ಲ. ಇಲ್ಲಿ ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆಯನ್ನೇ ಆರೋಪಿ ವಿರುದ್ಧ ಬಳಸುವ ಹಾಗಿಲ್ಲ. ಹಕ್ಕು ಓದಿ ಹೇಳಲಿ, ವಿಡಿಯೋ ಮಾಡಲಿ, ನಡೆಯಲ್ಲ. ಸೀರಿಯಲ್‌ನಲ್ಲಿ ಇನ್‌ಸ್ಪೆಕ್ಟರ್ ಎದುರು ಕೊಲೆಗಾರ ಎಲ್ಲ ಹೇಳಿಬಿಟ್ಟ ಕೂಡಲೇ ಮ್ಯೂಸಿಕ್ ಹಾಕಿ ಮುಗಿಸುತ್ತಾರಲ್ಲ, ನಿಜವಾದ ಕೇಸಿನಲ್ಲಿ ಕಷ್ಟ ಶುರುವಾಗುವುದು ಅಲ್ಲಿಂದ. ಈ ನಿಯಮಕ್ಕೆ ಒಂದು ಕಿಂಡಿ ಇದೆ. ಹಳೆಯ ಸಾಕ್ಷ್ಯ ಅಧಿನಿಯಮದ 27ನೇ ಸೆಕ್ಷನ್, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಿನ ಪರಂತುಕ. ಆರೋಪಿಯ ಮಾತಿನಿಂದ ಒಂದು ವಸ್ತು ಸಿಕ್ಕರೆ, ಆ ವಸ್ತು ಸಿಗೋಕೆ ನೇರವಾಗಿ ಕಾರಣವಾದ ಮಾತಿನ ತುಂಡಷ್ಟೇ ಸಾಕ್ಷ್ಯ.

ಹತ್ತಿರದಿಂದ ನೋಡೋಣ. ಆರೋಪಿ ಹೇಳುತ್ತಾನೆ: "ನಾನು ಅವನನ್ನು ಚುಚ್ಚಿದ ಚಾಕುವನ್ನು ರಾಜಕಾಲುವೆ ಪಕ್ಕದ ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ." ಇದರಲ್ಲಿ ಚಾಕು ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ ಅನ್ನುವುದು ಒಳಗೆ ಬರುತ್ತದೆ. "ಅವನನ್ನು ಚುಚ್ಚಿದ" ಅನ್ನುವುದು ಹೊರಗೆ. ಸ್ವಾತಂತ್ರ್ಯಕ್ಕೆ ಮುಂಚೆ ಪ್ರಿವಿ ಕೌನ್ಸಿಲ್ (ಆಗ ನಮ್ಮ ಕೇಸುಗಳಿಗೂ ಕೊನೆಯ ಮೇಲ್ಮನವಿ ಕೋರ್ಟು, ಲಂಡನ್ನಿನಲ್ಲಿತ್ತು) ಪುಲುಕುರಿ ಕೊಟ್ಟಯ್ಯ ಕೇಸಿನಲ್ಲಿ ಹಾಕಿದ ಗೆರೆ ಇದು, ಇವತ್ತಿಗೂ ಕೋರ್ಟುಗಳು ಅದನ್ನೇ ಉಲ್ಲೇಖಿಸುತ್ತವೆ. ಆ ಚಾಕುವಿನಿಂದಲೇ ಕೊಲೆ ಆಯಿತು ಅನ್ನುವುದನ್ನು ಬೇರೆ ದಾರಿಯಲ್ಲಿ ಸಾಬೀತು ಮಾಡಬೇಕು.

ಅದಕ್ಕೇ ಮಹಜರು. ಇಬ್ಬರು ಪಂಚರನ್ನು, ಅಂದರೆ ಕಣ್ಣಾರೆ ನೋಡಿ ಸಹಿ ಹಾಕುವ ಹೊರಗಿನ ಸಾಕ್ಷಿಗಳನ್ನು, ಕರೆಸಬೇಕು. ಆರೋಪಿ ಮುಂದೆ ನಡೆಯಬೇಕು, ಪೊಲೀಸರು ಹಿಂದೆ. ಚಾಕು ಹೊರಗೆ ತೆಗೆದ ಮೇಲೆ ಅಳತೆ ತೆಗೆದು, ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲ್ ಹಾಕಿ, ಪಂಚರ ಸಹಿ ಇರುವ ಚೀಟಿ ಅಂಟಿಸಿ, ಠಾಣೆಗೆ ತಂದು ಪಿಎಫ್ (ಜಪ್ತಿ ವಸ್ತುವಿನ ದಾಖಲೆ) ನಂಬರ್ ಹಾಕಿ, ಅಲ್ಲಿಂದ ಮಡಿವಾಳದ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸಬೇಕು. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್‌ನ (ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯ ಆಡಿಯೋ ವಿಡಿಯೋ ರೆಕಾರ್ಡಿಂಗ್ ಕೂಡ ಆಗಬೇಕು. ಮುಂದೆ ಯಾವತ್ತೋ ವಿಚಾರಣೆಯಲ್ಲಿ ಪಂಚ ಕಟಕಟೆ ಹತ್ತಿ "ಪೊಲೀಸರು ಹೇಳಿದ ಕಡೆ ಸಹಿ ಹಾಕಿದೆ, ಅದರಲ್ಲಿ ಏನು ಬರೆದಿತ್ತು ಗೊತ್ತಿಲ್ಲ" ಅಂದುಬಿಡಬಹುದು. ಪಿಪಿ ಅವನನ್ನು ಪ್ರತಿಕೂಲ ಸಾಕ್ಷಿ ಅಂತ ಪರಿಗಣಿಸಲು ಅನುಮತಿ ಕೇಳಿ ತಾನೇ ಪಾಟಿ ಸವಾಲು ಮಾಡುತ್ತಾರೆ. ಇಲ್ಲಿ ಕಥೆಗೆ ಬೇಕಾದ್ದೆಲ್ಲ ಇದೆ, ಹೊರಗಿನಿಂದ ಏನೂ ತರಬೇಕಾಗಿಲ್ಲ.

ಕೋರ್ಟ್ ದೃಶ್ಯದಲ್ಲಿ ಸುತ್ತಿಗೆ ಕುಟ್ಟಿ "ಆರ್ಡರ್ ಆರ್ಡರ್" ಅನ್ನಿಸಬೇಡಿ, ಗೀತೆ ಮೇಲೆ ಕೈ ಇಡಿಸಬೇಡಿ. ಸಾಕ್ಷಿ ಸತ್ಯವನ್ನೇ ಹೇಳುತ್ತೇನೆ ಅಂತ ಬಾಯಲ್ಲಿ ಪ್ರಮಾಣ ಮಾಡುತ್ತಾರೆ. ಜಡ್ಜ್ ಹೇಳಿ ಬರೆಸುತ್ತಾರೆ, ಸ್ಟೆನೋ ಟೈಪ್ ಮಾಡುತ್ತಾರೆ. ಪಾಟಿ ಸವಾಲಿನ ಉತ್ತರ ನಮ್ಮ ಕೋರ್ಟುಗಳಲ್ಲಿ ದಾಖಲಾಗುವ ರೀತಿಯೇ ಬೇರೆ: "ನಾನು ಪೊಲೀಸರ ಒತ್ತಾಯಕ್ಕೆ ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ." ಇಂಥ ಒಂದು ಸಾಲು ಬಂದರೆ ಕೋರ್ಟ್ ನೋಡಿದವರು ತಕ್ಷಣ ತಲೆದೂಗುತ್ತಾರೆ. ಗೌನ್ ಹೈಕೋರ್ಟ್, ಸುಪ್ರೀಂ ಕೋರ್ಟಿನಲ್ಲಿ ಕಡ್ಡಾಯ. ಕೆಳಗಿನ ಕೋರ್ಟಿನಲ್ಲಿ ಕರಿ ಕೋಟು, ಬಿಳಿ ಬ್ಯಾಂಡ್ ಸಾಕು. ಸತ್ತವರ ಮನೆಯವರು ಇಟ್ಟ ವಕೀಲರು ಪಿಪಿಗೆ ನೆರವಾಗಬಹುದು, ಆದರೆ ತಾವೇ ಎದ್ದು ಸಾಕ್ಷಿಗಳನ್ನು ಪ್ರಶ್ನಿಸುವ ಹಾಗಿಲ್ಲ. ನಾಯಕನನ್ನು ಆ ಜಾಗದಲ್ಲಿ ನಿಲ್ಲಿಸಿದರೆ ಅವನು ಪಿಪಿಗೆ ಚೀಟಿ ಕಳಿಸಿ ಕಳಿಸಿಯೇ ಕೇಸ್ ನಡೆಸಬೇಕು.

ತಾರೀಕಿನ ವಿಷಯ ಇಲ್ಲಿ ಇನ್ನೂ ಚೂಪು. 2024ರ ಜೂನ್ 30ರ ರಾತ್ರಿ ಹನ್ನೊಂದಕ್ಕೆ ಕೊಲೆ ಆಗಿದ್ದರೆ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) 302. ಎರಡು ಗಂಟೆ ತಡವಾಗಿ ಆಗಿದ್ದರೆ, ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103. ಹೆಣ ಸಿಕ್ಕು ಎಫ್‌ಐಆರ್ ಆದದ್ದು ಜುಲೈ 3ಕ್ಕೆ ಅಂದರೂ ಅಪರಾಧದ ಸೆಕ್ಷನ್ ಕೊಲೆಯಾದ ದಿನದ್ದೇ, ತನಿಖೆಯ ಕ್ರಮ ಮಾತ್ರ ಹೊಸದು. ಸಾವಿನ ಸಮಯ ಖಚಿತವಿಲ್ಲದ ಹೆಣ ಒಂದನ್ನು ಈ ರಾತ್ರಿಗೆ ಇಟ್ಟು ಕಥೆ ಬರೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಓದೋಕೆ ಕಾಯ್ತಿದ್ದೇನೆ.

ಉಳಿದದ್ದು ಬೇಗ ಹೇಳುತ್ತೇನೆ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು. ಪೊಲೀಸ್ ಕಸ್ಟಡಿ ಒಟ್ಟು 15 ದಿನ, ಹೊಸ ಕಾನೂನಿನಲ್ಲಿ ಅದನ್ನು ಮೊದಲ 40 ಅಥವಾ 60 ದಿನಗಳಲ್ಲಿ ತುಂಡು ತುಂಡಾಗಿಯೂ ಕೇಳಬಹುದು. ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. 89ನೇ ದಿನದ ಸಂಜೆ ಎಫ್‌ಎಸ್‌ಎಲ್ ವರದಿಗೆ ಕಾಯುವ ಇನ್‌ಸ್ಪೆಕ್ಟರ್ ಬಗ್ಗೆ ಒಂದು ಅಧ್ಯಾಯವನ್ನೇ ಬರೆಯಬಹುದು. ನಾರ್ಕೊ ಪರೀಕ್ಷೆ ಮಾಡಿ ಸತ್ಯ ಹೊರತೆಗೆಯುವ ತಿರುವು ಬೇಡ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ ಅಂದಿದೆ, ಒಪ್ಪಿ ಮಾಡಿಸಿಕೊಂಡರೂ ಅಲ್ಲಿ ಆಡಿದ ಮಾತು ಸಾಕ್ಷ್ಯ ಆಗಲ್ಲ. ಜೀವಾವಧಿ ಅಂದರೆ 14 ವರ್ಷ ಅನ್ನುವುದೂ ತಪ್ಪು, ಅದು ಉಳಿದ ಬದುಕಿಡೀ. ಕೊಲೆಯಂಥ ಅಪರಾಧಕ್ಕೆ 14 ವರ್ಷ ಅನ್ನುವುದು ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡುವ ಮುಂಚೆ ಕಳೆಯಲೇಬೇಕಾದ ಕನಿಷ್ಠ ಅವಧಿ. ಸೆಷನ್ಸ್ ಕೋರ್ಟ್ ಮರಣದಂಡನೆ ಕೊಟ್ಟರೂ ಹೈಕೋರ್ಟ್ ಖಾಯಂ ಮಾಡುವವರೆಗೆ ಅದನ್ನು ಜಾರಿ ಮಾಡುವಂತಿಲ್ಲ.

ಹೆಜ್ಜೆ 8: ನಿಜವಾದ ಕೇಸಿನಿಂದ ಕಥೆ ಎತ್ತುವಾಗ

ಪೇಪರಿನಲ್ಲಿ ಬಂದ ಕೇಸನ್ನು ಕಥೆ ಮಾಡುವುದು ಈ ಥರದ ಸರಣಿಗಳ ಹಳೆಯ ಪದ್ಧತಿ, ಅಭಿಮಾನಿಗಳೂ ಅದನ್ನೇ ಮಾಡುತ್ತಾರೆ. ಒಂದು ಗೆರೆ ಮಾತ್ರ ದಾಟಬೇಡಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಬಿಎನ್‌ಎಸ್ 72ರ ಪ್ರಕಾರ ಅಪರಾಧ, 2 ವರ್ಷದವರೆಗೆ ಶಿಕ್ಷೆ ಇದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕೂಡ ಹಾಗೇ ತಡೆಯುತ್ತದೆ. ಹೆಸರು ಬದಲಾಯಿಸಿ ಊರು, ಕಾಲೇಜು, ಅಪ್ಪನ ಕೆಲಸ ಹಾಗೇ ಬಿಟ್ಟರೆ ಗುರುತು ಸಿಕ್ಕೇ ಸಿಗುತ್ತದೆ. ಎಲ್ಲವನ್ನೂ ಬದಲಾಯಿಸಿ. ವಿಚಾರಣೆ ನಡೆಯುತ್ತಿರುವ ಕೇಸಿನ ಆರೋಪಿಯನ್ನು ಕಥೆಯಲ್ಲಿ ಕೊಲೆಗಾರ ಅಂತ ತೀರ್ಮಾನ ಮಾಡಬೇಡಿ.

ಹೆಜ್ಜೆ 9: ಬೀಟಾ ರೀಡರ್, ಮತ್ತೆ ಮೊದಲ ಸಾಲಿನ ಟಿಪ್ಪಣಿ

ಇಬ್ಬರು ಬೀಟಾ ರೀಡರ್ (ಕಥೆ ಹೊರಗೆ ಬರುವ ಮುಂಚೆ ಓದಿ ತಪ್ಪು ಹೇಳುವವರು) ಇಟ್ಟುಕೊಳ್ಳಿ. ಒಬ್ಬರು ಪಾತ್ರ, ಭಾಷೆ ನೋಡುವವರು. ಇನ್ನೊಬ್ಬರು ಕೋರ್ಟ್ ಓಡಾಟ ಗೊತ್ತಿರುವವರು. ಅವರು ದೊಡ್ಡ ವಕೀಲರೇ ಆಗಬೇಕಿಲ್ಲ, ಜೂನಿಯರ್ ವಕೀಲರು, ಕೋರ್ಟ್ ಗುಮಾಸ್ತರು, ಕಾನೂನು ಓದುತ್ತಿರುವ ಹುಡುಗರು ಆದರೂ ಸಾಕು. ಇಡೀ ಕಥೆ ಕೊಟ್ಟು "ಸರಿ ಇದೆಯಾ" ಅಂತ ಕೇಳಬೇಡಿ. ಬಂಧನ, ಮಹಜರು, ಪಾಟಿ ಸವಾಲು, ಈ ದೃಶ್ಯಗಳನ್ನಷ್ಟೇ ಕೊಟ್ಟು ಪ್ರಶ್ನೆ ಬರೆದುಕೊಡಿ. ಅವರಿಗೆ ಟೈಮ್ ಕಡಿಮೆ.

ಕಥೆಗಾಗಿ ಬೇಕಂತಲೇ ನಿಯಮ ಮುರಿದಿದ್ದರೆ ಮೇಲೆ ಟಿಪ್ಪಣಿಯಲ್ಲಿ ಹೇಳಿಬಿಡಿ: "ಕಥೆ ಬೆಂಗಳೂರು, 2025. ಎಫ್‌ಎಸ್‌ಎಲ್ ವರದಿ ಇಷ್ಟು ಬೇಗ ಬರಲ್ಲ, ಕಥೆಗಾಗಿ ಕುಗ್ಗಿಸಿದ್ದೇನೆ. ಉಳಿದ ಕಾನೂನಿನಲ್ಲಿ ತಪ್ಪು ಕಂಡರೆ ಸೆಕ್ಷನ್ ಜೊತೆ ತಿಳಿಸಿ." ಯಾರಾದರೂ ತಿಳಿಸಿದರೆ, ಅವರು ಕೊಟ್ಟ ಸೆಕ್ಷನ್ನನ್ನು ನೀವೇ ತೆರೆದು ಪರಂತುಕದವರೆಗೂ ಓದಿ, ಆಮೇಲೆ ಅಧ್ಯಾಯ ತಿದ್ದಿ.